ಹೇಳೋ ತನಕ ಕಾಲು ತೆಗೀಬೇಡ

ಹೋದ ವಾರ ನಮ್ಮ ಮನೆ ಪಕ್ಕದ ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಕಾರಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಇಡೀ ಮಧ್ಯಾಹ್ನ ಕೂತಿದ್ದಳು. ಕಾರು ಓಡುತ್ತಿರಲಿಲ್ಲ. ಓಡುವ ಹಾಗೂ ಇರಲಿಲ್ಲ. ಅದರ ಮುಂದಿನ ಚಕ್ರಗಳು ಗೋಡೆಗೆ ಒರಗಿದ್ದವು. ಆ ಚಕ್ರಗಳನ್ನು ತಿರುಗಿಸುವ ಶಾಫ್ಟುಗಳು ಪೇಟೆಗೆ ಹೋಗಿದ್ದವು.

ನಗು ಬಂತೇ? ಬಂದಿದ್ದರೆ ಸ್ವಲ್ಪ ತಡೆಯಿರಿ. ನಾನೂ ನಕ್ಕೆ. ಆ ನಗುವಿನ ವಿಷಯ ಹೇಳಬೇಕೆಂದೇ ಈ ವಾರ ಬರೆಯಲು ಕೂತಿದ್ದೇನೆ.

ಆ ಹೆಂಗಸು ನನ್ನ ಹೆಂಡತಿ, ಜಯಮ್ಮ.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಕಾರು ಗೊತ್ತು. (ಗೊತ್ತಾಗದೆ ಇರಲು ನಾನು ಬಿಟ್ಟಿದ್ದರೆ ತಾನೆ?) ಯುದ್ಧ ಮುಗಿದು, ದಂಡಿನ ಬಿಳಿ ಆಫೀಸರುಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದಾಗ ಅವರಲ್ಲೊಬ್ಬ ಬಿಟ್ಟುಹೋದ ಸೆಕೆಂಡ್ ಹ್ಯಾಂಡ್ ಕಾರು ಅದು. ದೊಡ್ಡಬಳ್ಳಾಪುರದಲ್ಲಿ ಕಾರಿರುವವರು ಬೇರೆಯವರೂ ಇದ್ದಾರೆ. ಆದರೆ ಅವರದೆಲ್ಲ ಹಿಂದಿನ ಚಕ್ರ ತಳ್ಳುವ ಕಾರು. ನನ್ನದು ಮುಂದಿನ ಚಕ್ರ ಎಳೆಯುವ ಕಾರು.

ವ್ಯತ್ಯಾಸ ಏನು ಎಂದು ಯಾರಾದರೂ ಕೇಳಿದರೆ ಸಾಕು, ನನಗೆ ಹಬ್ಬ. "ಗಾಡಿಗೆ ಎತ್ತು ಎಲ್ಲಿ ಕಟ್ತೀರಿ ಸ್ವಾಮಿ? ಹಿಂದೆ ಕಟ್ಟಿ ತಳ್ಳಿಸ್ತೀರಾ? ಮುಂದೆ ತಾನೆ? ಇದೂ ಹಂಗೇ." ಇದು ನನ್ನ ಭಾಷಣದ ಶುರು. ಕೊನೆ ಯಾವಾಗ ಎಂದು ಕೇಳುವವರಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ರೇಷ್ಮೆ ನೂಲಿನ ವ್ಯಾಪಾರದವನು ನಾನು. ನೂಲಿನ ಬಗ್ಗೆ ಯಾರೂ ನನ್ನನ್ನು ನಿಲ್ಲಿಸಿ ಕೇಳಿದ್ದಿಲ್ಲ. ಕಾರು ಬಂದ ಮೇಲೆ ಕೇಳುವವರು ಹುಟ್ಟಿಕೊಂಡರು. ಮನುಷ್ಯ ಕೆಡಲು ಇಷ್ಟು ಸಾಲದೆ?

ಈ ಕಾರಿನಲ್ಲಿ ಗೇರ್ ಬಾಕ್ಸಿನಿಂದ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಶಾಫ್ಟು ಹೊರಟು ಮುಂದಿನ ಚಕ್ರಗಳನ್ನು ಸೇರುತ್ತದೆ. ಚಕ್ರ ತಿರುಗಲೂ ಬೇಕು, ಸ್ಟೀರಿಂಗ್ ಎಳೆದತ್ತ ಹೊರಳಲೂ ಬೇಕು. ಅದಕ್ಕೇ ಶಾಫ್ಟಿನ ತುದಿಯಲ್ಲಿ ನಮ್ಮ ಮೊಣಕೈಯಂತೆ ಮಡಿಯುವ ಒಂದು ಜಾಯಿಂಟು. ಅದಕ್ಕೆ ಮಣ್ಣು ಹೋಗದಂತೆ ಒಂದು ರಬ್ಬರಿನ ಚೀಲ. ಆ ಚೀಲ ಯಾವತ್ತೋ ಹರಿದಿತ್ತು. ನಮ್ಮ ರಸ್ತೆಗಳ ಕೆಂಪು ಮಣ್ಣು ಒಳಗೆ ಹೋಗಿ ಗ್ರೀಸಿನ ಜೊತೆ ಕಲೆತು ಜಾಯಿಂಟನ್ನು ತಿಂದುಹಾಕಿತ್ತು. ತಿರುವಿನಲ್ಲಿ ಕಾರು ಟಕ್ ಟಕ್ ಎನ್ನುತ್ತಿತ್ತು. ನಾನು ತಿರುವು ಕಡಿಮೆ ಇರುವ ರಸ್ತೆಗಳಲ್ಲಿ ಓಡಾಡುತ್ತಿದ್ದೆ.

ಹಾಗಿರುವಾಗ ಸೂಲಿಬೆಲೆಯಿಂದ ಸಂತೆಗೆ ಬಂದ ಒಬ್ಬರು ಸಂಜೆ ಮನೆಗೆ ಬಂದು ಸುದ್ದಿ ಹೇಳಿದರು. ಜಯಮ್ಮನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಕಣ್ಣು ಬಿಟ್ಟಾಗಲೆಲ್ಲ "ಪುಟ್ಟಿ ಬಂದ್ಲಾ?" ಅಂತ ಕೇಳುತ್ತಾಳೆ.

ಪುಟ್ಟಿ ಅಂದರೆ ಜಯಮ್ಮ. ತಾಯಿ ಇಲ್ಲದ ಮಗುವನ್ನು ಎದೆಗವುಚಿಕೊಂಡು ಸಾಕಿದವಳು ಆ ಅಜ್ಜಿ. ನನ್ನ ಹೆಂಡತಿಗೆ ತವರು ಅಂದರೆ ಮನೆಯಲ್ಲ, ಆ ಮುದುಕಿ.

ಜಯಮ್ಮ ಅಳಲಿಲ್ಲ. ಅಡುಗೆಮನೆಗೆ ಹೋಗಿ ರಾಗಿ ಹುರಿಯಲು ಕೂತಳು. ಹಲ್ಲಿಲ್ಲದ ಅಜ್ಜಿಗೆ ಹುರಿಹಿಟ್ಟು. ಬೆಲ್ಲ ಪುಡಿ ಮಾಡಿ ಬೆರೆಸಿ ಒಂದು ಸಣ್ಣ ಡಬ್ಬಿಗೆ ತುಂಬಿಟ್ಟಳು. ಆಮೇಲೆ ಬಂದು ಬಾಗಿಲ ಹತ್ತಿರ ನಿಂತಳು.

"ಏನೂಂದ್ರೆ, ನಾಳೆ ಮಧ್ಯಾಹ್ನ ಹೊಸಕೋಟೆ ಬಸ್ಸಲ್ಲಿ ಹೋಗ್ಬಿಡ್ತೀನಿ."

ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು. ದೇವನಹಳ್ಳಿ, ಸೂಲಿಬೆಲೆ ಮೇಲೆ ಹೊಸಕೋಟೆಗೆ ಹೋಗುತ್ತದೆ. ಏರು ಬಂದರೆ ಎಲ್ಲರೂ ಇಳಿಯಬೇಕು, ಮುಖಕ್ಕೆಲ್ಲ ಮಸಿ. ಆದರೂ ಸಂಜೆಯೊಳಗೆ ಸೂಲಿಬೆಲೆ ಮುಟ್ಟಿಸುತ್ತದೆ.

ನಾನು ಏನಂದೆ ಗೊತ್ತೇ?

"ಮನೇಲಿ ಕಾರಿಟ್ಕೊಂಡು ಬಸ್ಸಲ್ಲಿ ಹೋಗ್ತೀಯಾ? ನಿಮ್ಮೂರೋರು ಏನಂದ್ಕೊಂಡಾರು?"

ಸಾಯುವ ಹೊತ್ತಿನ ಮುದುಕಿ ಏನಂದುಕೊಂಡಾಳು ಎಂದು ನನಗೆ ಹೊಳೆಯಲಿಲ್ಲ. ಊರಿನವರು ಹೊಳೆದರು.

"ಬೆಳಿಗ್ಗೆ ಅಣ್ಣ ಬರ್ತಾನೆ. ಶಾಫ್ಟು ಬಿಚ್ಚಿ ಸರಿ ಮಾಡಿ ಮಧ್ಯಾಹ್ನದೊಳಗೆ ಹಾಕ್ಬಿಡ್ತೀವಿ. ಬಸ್ಸಿಗಿಂತ ಮುಂಚೆ ಸೂಲಿಬೆಲೇಲಿ ಇರ್ತೀಯ."

ಜಯಮ್ಮ ಹೇಳಿದಳು: "ಆಗ್ಲಿ. ಬಸ್ಸು ಹಾರನ್ ಹೊಡೆಯೋ ಹೊತ್ತಿಗೆ ಕಾರು ಆಗ್ಲಿಲ್ಲ ಅಂದ್ರೆ ನಾನು ಬಸ್ಸಿಗೆ ಹೋಗ್ತೀನಿ. ಬೇಡ ಅನ್ಬಾರ್ದು."

ಬೇಡ ಅನ್ನುವುದಿಲ್ಲ ಎಂದು ಒಪ್ಪಿದೆ. ಮಾತು ಕೊಟ್ಟೆ ಎಂದೇ ಬರೆಯುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ?

ಅಣ್ಣ ಚನ್ನಪ್ಪ ತ್ಯಾಮಗೊಂಡ್ಲಿನವನು. ತೆಂಗಿನಕಾಯಿ ಮಂಡಿಯ ಲಾರಿ ಓಡಿಸುತ್ತಾನೆ. ಲಾರಿಯ ಹೊಟ್ಟೆಯಲ್ಲಿ ಏನೇನಿದೆ ಎಂದು ಬಲ್ಲವನು. ಆದರೆ ಮುಂದಿನ ಚಕ್ರ ಎಳೆಯುವ ಕಾರನ್ನು ಬಿಚ್ಚುವುದು ಅವನಿಗೂ ಹೊಸದು. ಬೆಳಿಗ್ಗೆ ಬಂದವನೇ ಕಾರಿನ ಸುತ್ತ ಒಂದು ಸುತ್ತು ಬಂದು, "ಎಲ್ಲಾ ಮೂತಿಗೇ ತುಂಬ್ಬಿಟ್ಟವ್ನಲ್ಲೋ ಇದ್ನ ಮಾಡ್ದೋನು" ಅಂದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಿಮ್ಮ ಮನೆಯಲ್ಲೂ ಇರಬಹುದು. ಗಂಡನ ಅಣ್ಣನ ಎದುರಿಗೆ ಸೊಸೆ ನಿಂತು ಮಾತಾಡುವುದಿಲ್ಲ. ಅಣ್ಣ ಊಟಕ್ಕೆ ಕೂತಾಗ ಇನ್ನೊಂದು ಮುದ್ದೆ ಬೇಕೇ ಎಂದು ಜಯಮ್ಮ ನನ್ನ ಕಡೆ ನೋಡುತ್ತಾಳೆ. ನಾನು ಅಣ್ಣನನ್ನು ಕೇಳುತ್ತೇನೆ. ಅಣ್ಣ ನನಗೆ ಉತ್ತರ ಹೇಳುತ್ತಾನೆ. ಮುದ್ದೆ ಮಾತ್ರ ಅವನ ತಟ್ಟೆಗೆ ಹೋಗುತ್ತದೆ. ಮದುವೆಯಾದಾಗಿನಿಂದ ಅವರಿಬ್ಬರೂ ನೇರವಾಗಿ ಒಂದು ಮಾತು ಆಡಿದ್ದಿಲ್ಲ. ಇದು ಮರ್ಯಾದೆ. ಇದೇ ಅಂಕಣದಲ್ಲಿ ಹಿಂದೊಮ್ಮೆ ಇದನ್ನು ನಾನು ಹೊಗಳಿಯೂ ಇದ್ದೇನೆ.

ನನ್ನ ಹೆಸರನ್ನಂತೂ ಅವಳು ಬಾಯಿಬಿಟ್ಟು ಹೇಳಿದವಳೇ ಅಲ್ಲ. "ಏನೂಂದ್ರೆ" ಅಂತ ಕರೆಯುತ್ತಾಳೆ. ಅದು ಪಕ್ಕದ ಕೋಣೆಗೆ ಮುಟ್ಟುವಷ್ಟು ದೊಡ್ಡ ಕೂಗು. ಬೀದಿಗೆ ಮುಟ್ಟುವ ಕೂಗು ಅವಳಿಗೆ ನಾವು ಕೊಟ್ಟೇ ಇಲ್ಲ.

ಸರಿ, ಕೆಲಸ ಶುರುವಾಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಮೂತಿಯನ್ನು ಜಾಕಿಯಿಂದ ಎತ್ತಿ, ಎರಡೂ ಕಡೆ ಚಪ್ಪಡಿ ಕಲ್ಲು ಪೇರಿಸಿ, ಅದರ ಮೇಲೆ ಕೂರಿಸಿದೆವು. ಅಲುಗಿಸಿ ನೋಡಿದೆವು. ಬಂಡೆಯ ಹಾಗೆ ಕೂತಿತ್ತು. ಮುಂದಿನ ಚಕ್ರ ಎರಡನ್ನೂ ಬಿಚ್ಚಿ ಗೋಡೆಗೆ ಒರಗಿಸಿದೆವು. ಬಾನೆಟ್ಟು ಎತ್ತಿದೆವು. ಅಣ್ಣ ಚಪ್ಪಲಿ ಕಳಚಿ ಬಲಗಡೆ ಇಟ್ಟು ಕೆಲಸಕ್ಕೆ ಇಳಿದ.

ಚಕ್ರ ಕೂರುವ ಜಾಗದ ನಟ್ಟನಡುವೆ ಒಂದು ದೊಡ್ಡ ನಟ್ಟು. ನಟ್ಟು ಬಿಚ್ಚಿಕೊಳ್ಳದಂತೆ, ಎತ್ತಿನಗಾಡಿಯ ಕಡೆಗೀಲಿನ ಹಾಗೆ, ಅದಕ್ಕೊಂದು ಪಿನ್ನು. ಪಿನ್ನು ಬಂತು, ನಟ್ಟು ಬರಲಿಲ್ಲ. ಸ್ಪ್ಯಾನರಿನ ಹಿಡಿಗೆ ಒಂದು ಕಬ್ಬಿಣದ ಪೈಪು ತೂರಿಸಿ ನಾವಿಬ್ಬರೂ ಜೋತುಬಿದ್ದೆವು. ನಟ್ಟಿನ ಜೊತೆ ಇಡೀ ಬ್ರೇಕ್ ಡ್ರಮ್ಮೇ ತಿರುಗಿತು.

"ಯಾರಾದ್ರೂ ಒಳಗೆ ಕೂತು ಬ್ರೇಕ್ ಒತ್ತಬೇಕು ಕಣೋ," ಅಂದ ಅಣ್ಣ.

ಬೀದಿಯಲ್ಲಿ ಯಾರನ್ನು ಕರೆದಿದ್ದರೂ ಬರುತ್ತಿದ್ದರು. ಬಂದವರು ಸಲಹೆಯನ್ನೂ ತರುತ್ತಿದ್ದರು. ನನ್ನ ಕಾರಿನ ಬಗ್ಗೆ ನಾನು ಸಲಹೆ ಕೇಳುವುದೇ? ಜಯಮ್ಮನನ್ನು ಕರೆದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಡ್ರೈವರ್ ಸೀಟಿನ ಮಾತಿರಲಿ, ಮುಂದಿನ ಸೀಟಿನಲ್ಲೇ ಅವಳು ಕೂತದ್ದು ಅದೇ ಮೊದಲು. ಯಾವಾಗಲೂ ಹಿಂದೆ, ಮೂಲೆಯಲ್ಲಿ.

ಮೊದಲ ಸಲ ಅವಳ ಕಾಲು ಜಾರಿತು. ಡ್ರಮ್ಮು ಗಿರ್ರನೆ ತಿರುಗಿ ನನ್ನ ಬೆರಳ ಗೆಣ್ಣು ಕಲ್ಲಿಗೆ ಉಜ್ಜಿ ಚರ್ಮ ಕಿತ್ತುಬಂತು. ನನಗೆ ಸಿಟ್ಟು ಬಂತು. ಅಣ್ಣನ ಮುಂದೆ ಬೇರೆ.

"ಗಟ್ಟಿಯಾಗಿ ಒತ್ತೇ. ಅಣ್ಣ ಕಾರಿನ ಕೆಳಗೆ ಹೋಗ್ತಾನೆ ಈಗ. ನೀನು ಕಾಲು ತೆಗೆದ್ರೆ ಕಾರು ಅವನ ಮೇಲೆ ಬಂತು ಅಂತ್ಲೇ ತಿಳ್ಕೊ. ನಾನು ಹೇಳೋ ತನಕ ಕಾಲು ತೆಗೀಬೇಡ."

ಇದು ಸುಳ್ಳು. ಕಾರನ್ನು ಹೊತ್ತಿದ್ದದ್ದು ಚಪ್ಪಡಿ ಕಲ್ಲು. ಬ್ರೇಕು ಹಿಡಿದಿದ್ದದ್ದು ಡ್ರಮ್ಮನ್ನು ಮಾತ್ರ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಬಿಡಿಸಿ ಹೇಳಲು ನಾಲ್ಕು ಮಾತು ಬೇಕಿತ್ತು, ಹೆದರಿಸಲು ಒಂದು ಮಾತು ಸಾಕಾಗಿತ್ತು. ಹೋಟೆಲಿನಲ್ಲಿ ಕಂಡವರಿಗೆಲ್ಲ ಗಂಟೆಗಟ್ಟಲೆ ಬಿಡಿಸಿ ಹೇಳುವ ನನಗೆ ಹೆಂಡತಿಗೆ ನಾಲ್ಕು ಮಾತು ಹೇಳಲು ಬಿಡುವಿರಲಿಲ್ಲ.

ಆಮೇಲೆ ಅವಳ ಕಾಲು ಜಾರಲಿಲ್ಲ.

ಬಲಗಡೆಯ ನಟ್ಟು ಬಂತು, ಎಡಗಡೆಯದೂ ಬಂತು. ಅಣ್ಣ ಕೆಳಗೆ ನುಸುಳಿ ಗೇರ್ ಬಾಕ್ಸಿನ ಕಡೆಯ ನಟ್ಟುಗಳನ್ನು ಬಿಚ್ಚಿದ. ಕೆಳಗಡೆ ಹಿಡಿದಿರುವ ಇನ್ನೊಂದು ಜಾಯಿಂಟನ್ನು ಕಳಚಿ, ಡ್ರಮ್ಮನ್ನು ಆಚೆಗೆ ಎಳೆದು ಹಿಡಿಯುವುದು ನನ್ನ ಕೆಲಸ. "ಬ್ರೇಕ್ ಪೈಪು ಜಗ್ಗಬೇಡ್ವೋ, ಹುಷಾರು" ಅಂತ ಅಣ್ಣ ಕೆಳಗಿನಿಂದ ಕೂಗುತ್ತಿದ್ದ. ಹಲ್ಲುಹಲ್ಲಾದ ತುದಿ ಜಾರಿ ಬಲಗಡೆಯ ಶಾಫ್ಟು ಈಚೆ ಬಂತು. ಅಣ್ಣ ಮಲಗಿದ್ದ ಹಾಗೇ ಎಡಗಡೆಗೆ ತೆವಳಿದ. ಎಡಗಡೆಯದೂ ಬಂತು. ನಮಗಿಬ್ಬರಿಗೂ ಕುಣಿಯುವಷ್ಟು ಸಂತೋಷ. ಅಣ್ಣ ಎಡಗಡೆಯಿಂದಲೇ ಆಚೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡ. ಜಾಯಿಂಟಿನೊಳಗೆ ಬಳೆಯಂತೆ ಕೂರುವ ಬುಶ್ಶು ಹೊಸದಾಗಬೇಕು, ಹರಿದ ಚೀಲಕ್ಕೆ ಬದಲು ಚರ್ಮದ್ದು ಹೊಲಿಸಬೇಕು. (ರಬ್ಬರು ಯುದ್ಧಕ್ಕೆ ಹೋದದ್ದು ಇನ್ನೂ ವಾಪಸು ಬಂದಿಲ್ಲ.) ಶಾಫ್ಟು ಒಬ್ಬೊಬ್ಬರು ಒಂದೊಂದು ಹೆಗಲ ಮೇಲೆ ಇಟ್ಟುಕೊಂಡು, ಪಕ್ಕದ ಸಂದಿಯಿಂದ ಹಾದು ಪೇಟೆಗೆ ನಡೆದೆವು.

ಕಾಲು ತೆಗೆ ಎಂದು ನಾನು ಹೇಳಲಿಲ್ಲ.

ಮರೆತೆ. ಬೇರೆ ಯಾವ ಸಬೂಬೂ ಇಲ್ಲ. ಎತ್ತಿದ ಬಾನೆಟ್ಟಿನ ಆಚೆ ಅವಳಿಗೆ ನಾವು ಕಾಣುತ್ತಿರಲಿಲ್ಲ, ನಮಗೆ ಅವಳು ಕಾಣುತ್ತಿರಲಿಲ್ಲ. ಸ್ಪ್ಯಾನರು ಎಲ್ಲಿಟ್ಟೆ ಎಂದು ಒಮ್ಮೆ ತಿರುಗಿ ನೋಡಿದೆ. ಹೆಂಡತಿಯನ್ನು ಎಲ್ಲಿ ಕೂರಿಸಿದೆ ಎಂದು ನೋಡಲಿಲ್ಲ.

ಮಗ್ಗ ರಿಪೇರಿ ಅಂಗಡಿಯ ಲೇತಿನವನು ಬುಶ್ಶು ಕಡೆದುಕೊಡುತ್ತೇನೆ, ಸ್ವಲ್ಪ ಹೊತ್ತಾಗುತ್ತದೆ ಎಂದ. ಚೀಲ ಹೊಲಿಯುವವನೂ ಹಾಗೇ ಅಂದ. ಹತ್ತಿರದಲ್ಲೇ ಬಸ್ ಸ್ಟ್ಯಾಂಡಿನ ಎದುರಿನ ಕಾಫಿ ಹೋಟೆಲು. ಎಡಗಡೆಯ ಶಾಫ್ಟನ್ನು ಲೇತಿಗೆ ಬಿಟ್ಟು, ಬಲಗಡೆಯದನ್ನು ಸರದಿಯ ತನಕ ನಮ್ಮ ಜೊತೆಗೇ ತಂದು ಹೋಟೆಲಿನ ಮೇಜಿನ ಮೇಲೆ ಇಟ್ಟೆವು. ಗ್ರೀಸು ಸುರಿಯುವ ಕಬ್ಬಿಣವನ್ನು ದೋಸೆ ತಿನ್ನುವ ಮೇಜಿನ ಮೇಲಿಡುವ ಅಗತ್ಯವೇನಿತ್ತು? ಕಾಣಲಿ ಎಂದು ಇಟ್ಟೆ.

ಕಂಡಿತು. ಜನ ಸೇರಿದರು. ನಾನು ಎತ್ತುಗಳಿಂದ ಶುರು ಮಾಡಿದೆ.

ನಾನು ಮಾತಿನ ಮಧ್ಯದಲ್ಲಿದ್ದಾಗ ಹೊಸಕೋಟೆ ಬಸ್ಸು ಬಂದು ನಿಂತಿತು. ಕಂಡಕ್ಟರು ನನಗೆ ಪರಿಚಯದವನು. ಒಳಗೆ ಬಂದು ವಿನಯದಿಂದ ಕೇಳಿದ.

"ಸ್ವಾಮಿ, ಅಮ್ಮಾವ್ರು ಸೂಲಿಬೆಲೆಗೆ ಬರ್ತೀನಿ ಅಂತ ಬೆಳಿಗ್ಗೆ ಹೇಳಿ ಕಳ್ಸಿದ್ರು. ಮುಂದುಗಡೆ ಜಾಗ ಹಿಡಿದಿಟ್ಟಿದೀನಿ. ಇನ್ನೂ ಬಂದಿಲ್ಲ. ಸ್ವಲ್ಪ ಹೊತ್ತು ಕಾಯ್ಲಾ?"

ಸುತ್ತ ಜನ. ಮೇಜಿನ ಮೇಲೆ ಶಾಫ್ಟು. ಕೈಯಲ್ಲಿ ಕಾಫಿ ಲೋಟ.

"ಬೇಡ, ನೀನು ನಡಿಯಪ್ಪಾ. ನಮ್ಮನೇವ್ರು ಕಾರಲ್ಲಿ ಬರ್ತಾರೆ."

ಈ ಮಾತನ್ನು ಈ ವಾರವೆಲ್ಲ ನಾನು ತಿರುಗಿ ತಿರುಗಿ ಕೇಳಿಸಿಕೊಂಡಿದ್ದೇನೆ. ಕಾರಲ್ಲಿ ಬರುತ್ತಾಳಂತೆ. ಕಾರಿನ ಒಂದು ಕಾಲು ನನ್ನ ಮುಂದೆ ಮೇಜಿನ ಮೇಲೆ, ಇನ್ನೊಂದು ಲೇತಿನಲ್ಲಿ. ಆದರೂ ಹೇಳಿದೆ. ಕಂಡಕ್ಟರು ನಂಬಿದ. ನಂಬದೆ ಏನು ಮಾಡಿಯಾನು? ಡ್ರೈವರು ರೂಢಿಯಂತೆ ಉದ್ದಕ್ಕೆ ಹಾರನ್ ಹೊಡೆದ. ನಮ್ಮ ಬೀದಿಗೆ ಆ ಹಾರನ್ ಸ್ಪಷ್ಟವಾಗಿ ಕೇಳಿಸುತ್ತದೆ.

ಜಯಮ್ಮನಿಗೂ ಕೇಳಿಸಿತು.

ಆಮೇಲಿನದು ಅವಳಿಂದ ನಾನು ಒಂದೊಂದಾಗಿ ಕೇಳಿ ತಿಳಿದದ್ದು. ಅವಳಾಗಿ ಹೇಳಲಿಲ್ಲ.

ಹಾರನ್ ಕೇಳಿದಾಗ ಅವಳು ಏಳಬೇಕೆಂದುಕೊಂಡಳಂತೆ. ಕಿಟಕಿಯಿಂದ ಬಗ್ಗಿ ನೋಡಿದರೆ ಕಾರಿನ ಪಕ್ಕದಲ್ಲಿ ಅಣ್ಣನ ಚಪ್ಪಲಿ. ಭಾವನವರು ಇನ್ನೂ ಕೆಳಗಿದ್ದಾರೆ. ಸದ್ದಿಲ್ಲ ಅಂದರೆ ನಿದ್ದೆ ಹೋಗಿದ್ದಾರೆ. ಲಾರಿಯವರಿಗೆ ಲಾರಿಯ ನೆರಳಿನಲ್ಲಿ ಅಡ್ಡಾಗುವ ಅಭ್ಯಾಸ ಇದ್ದೇ ಇದೆ, ಬೆಳಿಗ್ಗೆ ಬೇಗ ಎದ್ದು ಬಂದವರು ಬೇರೆ. ಕೂಗಿ ಎಬ್ಬಿಸೋಣವೆಂದರೆ ಭಾವನವರನ್ನು ಕೂಗುವುದು ಹೇಗೆ? ನನ್ನನ್ನು ಕೂಗೋಣವೆಂದರೆ ಏನೆಂದು ಕೂಗುವುದು? "ಏನೂಂದ್ರೆ" ಎಂದು ಕರೆದಳಂತೆ. ಪಕ್ಕದ ಕೋಣೆಗೆ ಮುಟ್ಟುವಷ್ಟು. ಪಕ್ಕದಲ್ಲಿ ಕೋಣೆ ಇರಲಿಲ್ಲ.

ಕಾಲು ತೆಗೆದರೆ ಕಾರು ಭಾವನವರ ಮೇಲೆ ಬರುತ್ತದೆ. ಗಂಡ ಹೇಳಿದ್ದಾರೆ.

ಬಸ್ಸು ದೇವನಹಳ್ಳಿ ದಾರಿ ಹಿಡಿದು ಹೋಗುವ ಸದ್ದು ಕೇಳುತ್ತಾ ಅವಳು ಎರಡೂ ಕಾಲನ್ನು ಬ್ರೇಕಿನ ಮೇಲೆ ಇಟ್ಟಳು. ಒಂದು ಕಾಲು ಆಗಲೇ ಮರಗಟ್ಟಿತ್ತು.

ನಡುವೆ ಪಕ್ಕದ ಮನೆಯ ಗಂಗಮ್ಮ ನೀರಿನ ಬಿಂದಿಗೆ ಹೊತ್ತು ಆ ಕಡೆ ಬಂದರಂತೆ. "ಏನ್ ಜಯಮ್ಮ, ಮಹಾರಾಣಿ ಹಂಗೆ ಕಾರಲ್ಲಿ ಕೂತ್ಬಿಟ್ಟಿದ್ದೀಯ, ಗಾಳಿ ಚೆನ್ನಾಗಿ ಬರ್ತಾ ಇದ್ಯಾ?" ಎಂದು ಕೇಳಿದರಂತೆ. ಜಯಮ್ಮ ನಕ್ಕಳಂತೆ.

"ಗಂಗಮ್ಮಂಗಾದ್ರೂ ಹೇಳ್ಬಾರ್ದಾಗಿತ್ತಾ?" ಎಂದು ಕೇಳಿದೆ.

"ಏನಂತ ಹೇಳೋದು? ಇವ್ರು ನನ್ನ ಇಲ್ಲಿ ಕೂರ್ಸಿ ಮರ್ತು ಹೋದ್ರು ಅಂತಲಾ? ಬೀದಿಯೆಲ್ಲ ನಿಮ್ಮನ್ನ ನೋಡಿ ನಗೋರು."

ನನ್ನನ್ನು ನೋಡಿ ಬೀದಿ ನಗದಿರಲಿ ಎಂದು ಅವಳು ಕೂತಿದ್ದಳು. ಬೀದಿ ನನ್ನನ್ನು ಮೆಚ್ಚಲಿ ಎಂದು ನಾನೂ ಕೂತಿದ್ದೆ, ಹೋಟೆಲಿನಲ್ಲಿ.

ಹೊತ್ತು ಇಳಿದ ಮೇಲೆ ಎದ್ದೆವು. ಅಣ್ಣ ಹೋಟೆಲಿನ ಮೆಟ್ಟಿಲು ಇಳಿದವನು ಕಾದ ನೆಲದ ಮೇಲೆ ಕಾಲು ಎತ್ತೆತ್ತಿ ಇಟ್ಟ. "ನನ್ ಚಪ್ಪಲಿ ಅಲ್ಲೇ ಬಿಟ್ಟು ಬಂದಿದೀನಲ್ಲೋ" ಅಂದ. ಮಾತಿನ ಅಮಲಿನಲ್ಲಿ ಬರಿಗಾಲು ಅವನಿಗೂ ಗೊತ್ತಾಗಿರಲಿಲ್ಲ. ಸರಿಯಾದ ಶಾಫ್ಟುಗಳನ್ನು ಹೆಗಲಿಗೇರಿಸಿಕೊಂಡು ಇಬ್ಬರೂ ನಗುತ್ತಾ ಮನೆಗೆ ಬಂದೆವು.

ಹೊಂಗೆಯ ನೆರಳು ಕಾರನ್ನು ಬಿಟ್ಟು ಎಷ್ಟೋ ಹೊತ್ತಾಗಿತ್ತು. ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಜಯಮ್ಮ ಸ್ಟೀರಿಂಗನ್ನು ಎರಡು ಕೈಯಲ್ಲೂ ಹಿಡಿದು ನೆಟ್ಟಗೆ ಕೂತಿದ್ದಳು. ಮುಖವೆಲ್ಲ ಬೆವರು. ಮೊಣಕಾಲು ನಡುಗುತ್ತಿದ್ದದ್ದು ಸೀರೆಯ ಮೇಲಿಂದಲೂ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಅಣ್ಣನನ್ನು ನೋಡಿದಳು. ಕಾರಿನ ಪಕ್ಕದ ಚಪ್ಪಲಿಯನ್ನು ನೋಡಿದಳು. ಮತ್ತೆ ಅಣ್ಣನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಏನೂಂದ್ರೆ, ಈಗ ಕಾಲು ತೆಗೀಲಾ?"

ಏನು ನಡೆದಿದೆ ಎಂದು ನನಗೆ ಆಗ ಹೊಳೆಯಿತು. ಹೊಳೆದವನು ಏನು ಮಾಡಬೇಕಿತ್ತು? ನಾನು ಮಾಡಿದ್ದು ಇದು. ನಕ್ಕೆ. ಗಟ್ಟಿಯಾಗಿ ನಕ್ಕು, "ಅಯ್ಯೋ ದಡ್ಡಿ, ಬ್ರೇಕು ಎಲ್ಲಾದ್ರೂ ಕಾರನ್ನ ಎತ್ತಿ ಹಿಡ್ಕೊಂಡಿರುತ್ತಾ?" ಅಂದೆ.

ಅಣ್ಣ ನಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಭಾವನ ಜೀವ ಉಳಿಸುತ್ತಿದ್ದೇನೆ ಎಂದುಕೊಂಡು ಒಬ್ಬಳು ಇಷ್ಟು ಹೊತ್ತು ಕೂತಿದ್ದಳು ಎಂಬುದು ಅವನಿಗೆ ನನಗಿಂತ ಮೊದಲು ಅರ್ಥವಾಗಿತ್ತು.

ಅವಳಿಗೆ ಇಳಿಯಲು ಆಗಲಿಲ್ಲ. ಕೈ ಕೊಡಲು ಹೋದೆ. ಅಣ್ಣ ಇದ್ದಾನೆಂದೋ, ಬೇರೆ ಕಾರಣಕ್ಕೋ, ನನ್ನ ಕೈಯನ್ನು ಬಿಟ್ಟು ಕಾರಿನ ಬಾಗಿಲು ಹಿಡಿದುಕೊಂಡು ಇಳಿದಳು. ಜಗಲಿಯ ಮೇಲೆ ಗಂಟು ಕಟ್ಟಿ ಇಟ್ಟಿದ್ದ ಬಟ್ಟೆ, ಅದರ ಮೇಲೆ ಹುರಿಹಿಟ್ಟಿನ ಡಬ್ಬಿ. ಅದನ್ನು ಎತ್ತಿಕೊಂಡು ಗೋಡೆ ಹಿಡಿದು ಒಳಗೆ ಹೋದಳು.

ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಎದುರು ಮಾತಾಡಲು ನನ್ನ ಬಳಿ ಸಾಮಾನು ಯಾವಾಗಲೂ ತಯಾರಿರುತ್ತದೆ. ಅವಳು ಸಾರು ಬಿಸಿ ಮಾಡಿ ಬಡಿಸಿದಳು.

ಮರುದಿನ ಬೆಳಕು ಹರಿಯುತ್ತಲೇ ನಾನೂ ಅಣ್ಣನೂ ಶಾಫ್ಟು ಹಾಕಲು ನಿಂತೆವು. ಹೊಸ ಬುಶ್ಶು, ಹೊಸ ಚರ್ಮದ ಚೀಲ, ಚೀಲದ ತುಂಬ ಗ್ರೀಸು. ಹಾಕುವುದು ಬಿಚ್ಚುವುದಕ್ಕಿಂತ ಕಷ್ಟ. ಹಲ್ಲಿಗೆ ಹಲ್ಲು ಕೂರಬೇಕು, ಒಂದಿಷ್ಟು ಸೊಟ್ಟಗಿದ್ದರೂ ಒಳಗೆ ಹೋಗದು. ಬಡಿಯಲೂ ಬಾರದು. ಎರಡೂ ಕೂತವು. ಗೇರ್ ಬಾಕ್ಸಿನ ಕಡೆ ಬಿಗಿದಾಯಿತು. ಕೊನೆಗೆ ಉಳಿದದ್ದು ಆ ದೊಡ್ಡ ನಟ್ಟುಗಳು. ಬಿಚ್ಚುವಾಗ ಬೇಕಾದ ಹಾಗೆ ಬಿಗಿಯುವಾಗಲೂ ಬ್ರೇಕು ಒತ್ತಬೇಕು.

ಅಣ್ಣ ನನ್ನ ಮುಖ ನೋಡಿದ. ನಾನು ಸ್ಪ್ಯಾನರು ನೋಡಿದೆ. ಯಾರು ಕರೆಯಬೇಕು ಅವಳನ್ನು? ಯಾವ ಮುಖದಿಂದ?

ಯಾರೂ ಕರೆಯಲಿಲ್ಲ. ಕಾರಿನ ಬಾಗಿಲು ತೆಗೆದ ಸದ್ದಾಯಿತು. ಜಯಮ್ಮ ಬಂದು ಕೂತು, ಸೀರೆಯ ನಿರಿಗೆ ಸರಿಮಾಡಿಕೊಂಡು, ಬ್ರೇಕಿನ ಮೇಲೆ ಕಾಲಿಟ್ಟಿದ್ದಳು. ಅಜ್ಜಿಯ ಹತ್ತಿರ ಹೋಗಲು ಅವಳಿಗೆ ಆ ಕಾರು ಬೇಕಿತ್ತು. ಅಷ್ಟೇ. ನನಗಾಗಿ ಬಂದಳೆಂದು ನಾನು ತಿಳಿದುಕೊಂಡಿಲ್ಲ.

ಪೈಪು ಹಾಕಿ ಬಿಗಿದೆವು. ಪಿನ್ನು ಹಾಕಿ ಅದರ ಕಾಲು ಮಡಿಸಿದೆವು. ಎರಡನೆಯ ಪಿನ್ನು ಕೂರುತ್ತಲೇ ನಾನು ಬಾಯಿ ತೆರೆದೆ. ನನಗಿಂತ ಮೊದಲು ಅಣ್ಣ ಕಾರಿನ ಕಿಟಕಿಯ ಹತ್ತಿರ ಹೋಗಿ ನಿಂತಿದ್ದ.

"ಸಾಕು. ಕಾಲು ತೆಗಿಯಮ್ಮ," ಅಂದ.

ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು. ಜಯಮ್ಮ ತಲೆ ಎತ್ತಲಿಲ್ಲ. "ಹೂಂ ಭಾವ" ಅಂದಳು. ನಮ್ಮ ಮನೆಯ ಮರ್ಯಾದೆ ಅಷ್ಟಕ್ಕೆ ಮುರಿಯಿತು. ಏನೂ ಆಗಲಿಲ್ಲ. ಹೊಂಗೆ ಮರ ಅಲ್ಲೇ ಇತ್ತು.

ಚಕ್ರ ಹಾಕಿ ಸೂಲಿಬೆಲೆಗೆ ಹೊರಟೆವು. ಅವಳು ಹಿಂದೆ, ಮೂಲೆಯಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಒಂದು ತಿರುವಿನಲ್ಲೂ ಕಾರು ಟಕ್ ಎನ್ನಲಿಲ್ಲ. ಅಷ್ಟು ಚೆನ್ನಾಗಿ ಅದು ನನ್ನ ಕೈಯಲ್ಲಿ ಎಂದೂ ಓಡಿರಲಿಲ್ಲ. ಅದಕ್ಕೂ ನನಗೆ ಬೇಸರವೇ ಆಯಿತು.

ಅಜ್ಜಿ ಇದ್ದಳು. ಉಸಿರಿತ್ತು. ಕಣ್ಣು ತೆರೆದೇ ಇತ್ತು. ಮಾತಿರಲಿಲ್ಲ.

ಜಯಮ್ಮನ ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಹೇಳಿದರು. "ನಿನ್ನೆ ಸಂಜೆ ತನಕ ಚೆನ್ನಾಗೇ ಮಾತಾಡ್ತು ಕಣಮ್ಮ. ಬಸ್ಸು ಬಂದ ಸದ್ದು ಕೇಳ್ದಾಗ, ಪುಟ್ಟಿ ಬಂದ್ಲು, ಬಾಗ್ಲು ತೆಗೀರಿ ಅಂತು. ನಾನು ಹೋಗಿ ನೋಡ್ಬಂದೆ. ಬಂದಿಲ್ಲಮ್ಮ ಅಂದೆ. ಇಲ್ಲ ಬಂದವ್ಳೆ, ನೋಡ್ಹೋಗು ಅಂತು. ದೀಪ ಹಚ್ಚೋ ಹೊತ್ಗೆ ಮಾತು ನಿಂತೋಯ್ತು. ಅದ್ಯಾಕಮ್ಮ ನಿನ್ನೆ ಬರ್ಲಿಲ್ಲ?"

ನಾನು ಬಾಗಿಲಲ್ಲೇ ನಿಂತಿದ್ದೆ. ಈಗ ಹೇಳುತ್ತಾಳೆ ಎಂದುಕೊಂಡೆ. ಹೇಳಲಿ ಎಂದೂ ಅಂದುಕೊಂಡೆ.

"ಕಾರು ಕೆಟ್ಟಿತ್ತು ಚಿಕ್ಕಮ್ಮ," ಅಂದಳು ಜಯಮ್ಮ.

ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ ಬೆರಳ ತುದಿಯಲ್ಲಿ ಅಜ್ಜಿಯ ತುಟಿಗೆ ಹಚ್ಚಿದಳು. ಅಜ್ಜಿ ಚಪ್ಪರಿಸಿದಳು. ಮೊಮ್ಮಗಳ ಮಣಿಕಟ್ಟು ಹಿಡಿದು ಅವಳ ಮುಖವನ್ನೇ ನೋಡಿದಳು. ತುಟಿ ಅಲುಗಿತು. ಏನು ಹೇಳಬೇಕೆಂದಿದ್ದಳೋ, ಅದು ಹಿಂದಿನ ದಿನದ ಬಸ್ಸಿನ ಹೊತ್ತಿಗೇ ಮುಗಿದುಹೋಗಿತ್ತು.

ಹೊರಗೆ ಬಂದರೆ ಕಾರಿನ ಸುತ್ತ ಊರಿನವರು. ಪಾಪ, ಅವರಿಗೇನು ಗೊತ್ತು? ಒಬ್ಬರು ಬಗ್ಗಿ ಚಕ್ರದ ಒಳಗೆ ನೋಡುತ್ತಾ ಕೇಳಿದರು. "ಇದು ಮುಂದಿನ ಚಕ್ರದಲ್ಲೇ ಎಳೀತದಂತಲ್ಲಾ, ಅದೆಂಗೆ ಸ್ವಾಮಿ?"

"ನನಗೆ ಸರಿಯಾಗಿ ಗೊತ್ತಿಲ್ಲಪ್ಪಾ," ಅಂದೆ.

ಜಯಮ್ಮ ಅಲ್ಲೇ ಉಳಿದಿದ್ದಾಳೆ. ಅಜ್ಜಿಯ ಹತ್ತಿರ ಇರುತ್ತೇನೆ ಎಂದಳು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಹೊರಡುವಾಗ, ಇದನ್ನು ಅಂಕಣದಲ್ಲಿ ಬರೆಯಲೇ ಎಂದು ಕೇಳಿದೆ. (ಇದುವರೆಗೆ ಅವಳ ವಿಷಯ ಬರೆಯುವಾಗ ಒಮ್ಮೆಯೂ ಕೇಳಿದವನಲ್ಲ.) ಅವಳು ಹೇಳಿದಳು.

"ಬರೀರಿ. ಆದ್ರೆ ನಾನು ದಡ್ಡಿ ಅಂತ ಮಾತ್ರ ಬರೀಬೇಡಿ."

ಬರೆದಿಲ್ಲ ಕಣೇ. ದಡ್ಡಿ ಎಂದು ಬಾಯಲ್ಲಿ ಅಂದವನು ಯಾರು ಎಂದು ಬರೆದಿದ್ದೇನೆ. ಬ್ರೇಕು ಕಾರನ್ನು ಹೊರುವುದಿಲ್ಲ ಎಂಬುದು ನಿನಗೆ ಗೊತ್ತಿರಬೇಕಾಗಿರಲಿಲ್ಲ. ನನ್ನ ಮಾತು ನಂಬುವಂಥದ್ದಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಮನೆಯಲ್ಲಿ ಈಗ ನಾನೊಬ್ಬನೇ. ಪಕ್ಕದ ಕೋಣೆಯಿಂದ "ಏನೂಂದ್ರೆ" ಎಂದು ಯಾರೂ ಕರೆಯುವುದಿಲ್ಲ. ಕಾರು ಹೊಂಗೆಯ ಕೆಳಗಿದೆ, ಚೆನ್ನಾಗಿದೆ. ನಿನ್ನೆ ಸುಮ್ಮನೆ ಅದರೊಳಗೆ ಹೋಗಿ ಬ್ರೇಕಿನ ಮೇಲೆ ಕಾಲಿಟ್ಟು ಕೂತು ನೋಡಿದೆ. ಕಾಫಿ ಒಲೆಯ ಮೇಲಿದ್ದದ್ದು ಉಕ್ಕುವ ಮೊದಲೇ ಎದ್ದು ಬಂದೆ. ಅಷ್ಟು ಹೊತ್ತು ಕೂರಲೂ ನನ್ನ ಕೈಯಲ್ಲಾಗಲಿಲ್ಲ.

ಈ ಪತ್ರಿಕೆ ಈಗ ನಿಮ್ಮ ಕೈಯಲ್ಲಿದೆ. ಹೋಟೆಲಿನಲ್ಲೋ, ಅಂಗಡಿಯ ಜಗಲಿಯಲ್ಲೋ ಕೂತು ಓದುತ್ತಿದ್ದೀರಿ. ಒಂದೇ ಒಂದು ಪ್ರಶ್ನೆ, ಸ್ವಾಮಿ.

ನೀವು ಯಾರಿಗೆ "ನಾನು ಹೇಳೋ ತನಕ" ಅಂದು ಎದ್ದು ಬಂದಿದ್ದೀರಿ?